ಮನೆಯಲ್ಲೇ ಹಾರ್ಮೋನ್ ರಕ್ತಪರೀಕ್ಷೆ: ಯಾವ ಹಾರ್ಮೋನಿಗೆ ಯಾವ ದಾರಿ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯ ಮನೆಯೊಂದರ ಮುಂದೆ ಮೋಟಾರ್ ಸೈಕಲ್ ನಿಂತಿತ್ತು. ಹಿಂದಿನ ಸೀಟಿಗೆ ಬಿಗಿದಿದ್ದ ನೀಲಿ ಡಬ್ಬಿಯ ಮುಚ್ಚಳ ಅರ್ಧ ತೆರೆದಿತ್ತು. ಒಳಗಿನ ಐಸ್ ಪ್ಯಾಕ್ ಪೂರ್ತಿ ಕರಗಿ ಮೆತ್ತಗಾಗಿತ್ತು. ಅದಕ್ಕೆ ಒರಗಿ ಹಳದಿ ಮುಚ್ಚಳದ ಏಳೆಂಟು ಟ್ಯೂಬುಗಳಿದ್ದವು, ಯಾವುದರಲ್ಲೂ ಇನ್ನೂ ಸೀರಮ್ (ರಕ್ತದ ಮೇಲಿನ ತಿಳಿ) ಬೇರ್ಪಡಿಸಿರಲಿಲ್ಲ. ಹೊರಗೆ 40 ಡಿಗ್ರಿ ಬಿಸಿಲು. ಬೆಳಿಗ್ಗೆ ಆರಕ್ಕೆ ಹೊರಟು ಮನೆಯಿಂದ ಮನೆಗೆ ಓಡುತ್ತಿದ್ದ ಆ ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ ಟ್ಯೂಬು ಹಿಡಿದು ಕೆಲಸ ಮಾಡಿದವಳಿಗೆ ಆ ಡಬ್ಬಿ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಟ್ಯೂಬುಗಳಿಂದ ಹೊರಡುವ ಅಂಕಿಯನ್ನು ನಂಬಿ ಯಾರೋ ಗುಳಿಗೆ ಶುರು ಮಾಡುತ್ತಾರೆ, ಯಾರೋ ನಿದ್ದೆಗೆಡುತ್ತಾರೆ.

"ಯಾವ ಲ್ಯಾಬ್ ಒಳ್ಳೆಯದು ಅಕ್ಕಾ?" ಎಂದು ಕೇಳುವವರೇ ಹೆಚ್ಚು. ನಾನು ಮರುಪ್ರಶ್ನೆ ಹಾಕುತ್ತೇನೆ: ಯಾವ ಹಾರ್ಮೋನು? ಯಾವ ಹೊತ್ತಿಗೆ ತೆಗೆಸುತ್ತೀರಿ? ಲ್ಯಾಬಿನ ಹೆಸರಿಗಿಂತ ಈ ಎರಡಕ್ಕೆ ಉತ್ತರ ಸಿಕ್ಕರೆ ದಾರಿ ತಾನೇ ತೆರೆದುಕೊಳ್ಳುತ್ತದೆ.

ನಮ್ಮ ಕಡೆ ಈಗ ನಾಲ್ಕು ದಾರಿಗಳಿವೆ

ಮೊದಲನೆಯದು, ಲ್ಯಾಬಿನವರು ಮನೆಗೆ ಬಂದು ತೋಳಿನ ರಕ್ತನಾಳದಿಂದ ರಕ್ತ ತೆಗೆದುಕೊಂಡು ಹೋಗುವುದು. ಹೆಸರಿಗೆ ಮನೆ ಪರೀಕ್ಷೆ. ನಿಜವಾಗಿ ಮನೆಯಲ್ಲಿ ಆಗುವುದು ರಕ್ತ ತೆಗೆಯುವ ಕೆಲಸ ಮಾತ್ರ. ಪರೀಕ್ಷಿಸುವ ಯಂತ್ರ ಊರಲ್ಲೇ ಇರಬಹುದು, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಮುಂಬೈಯಲ್ಲೂ ಇರಬಹುದು. ವಯಸ್ಸಾದವರಿಗೆ, ಬಾಣಂತಿಯರಿಗೆ, ಮಂಡಿನೋವಿನಿಂದ ಮೆಟ್ಟಿಲು ಇಳಿಯಲಾಗದವರಿಗೆ ಇದು ದೊಡ್ಡ ಉಪಕಾರ. ಸರಿಯಾಗಿ ನಡೆದರೆ ಲ್ಯಾಬಿಗೆ ಹೋಗಿ ಕೊಟ್ಟಷ್ಟೇ ನಂಬಿಕೆಗೆ ಅರ್ಹ.

ಸರಿಯಾಗಿ ನಡೆಯುವುದು ಎಂದರೆ ಏನು? ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಸುಮಾರು ಅರ್ಧ ಗಂಟೆ ಬೇಕು. ಆಮೇಲೆ ಯಂತ್ರದಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು, ಅಂದರೆ ಸೀರಮ್ಮನ್ನು ಬೇರ್ಪಡಿಸಬೇಕು. ಒಮ್ಮೆ ಬೇರ್ಪಡಿಸಿ ತಣ್ಣಗಿಟ್ಟರೆ ಥೈರಾಯ್ಡ್ ಪರೀಕ್ಷೆಯ ಟಿಎಸ್ಎಚ್, ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್‌ನಂತಹವು ಕೆಲವು ದಿನ ಗಟ್ಟಿಯಾಗಿಯೇ ನಿಲ್ಲುತ್ತವೆ. ಬೇರ್ಪಡಿಸದ ರಕ್ತವನ್ನು ಬಿಸಿಲಿನಲ್ಲಿ ಕುಲುಕುತ್ತ ಒಯ್ದರೆ ಕೆಂಪುಕಣಗಳು ಒಡೆಯುತ್ತವೆ. ಆಗ ಇನ್ಸುಲಿನ್ ಹಾಳಾಗಿ ಅಂಕಿ ತಗ್ಗುತ್ತದೆ, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಅದೇ ಟ್ಯೂಬಿನಲ್ಲಿರುವ ಸಕ್ಕರೆಯನ್ನು ಕಣಗಳೇ ತಿನ್ನುತ್ತ ಹೋಗುತ್ತವೆ, ಗಂಟೆಗೆ ಸುಮಾರು 5ರಿಂದ 7 ಶೇಕಡಾ. ಆದ್ದರಿಂದ ಫೋನ್ ಮಾಡಿ ಸಮಯ ಗೊತ್ತು ಮಾಡುವಾಗಲೇ ಕೇಳಿ: ನಮ್ಮದು ದಿನದ ಎಷ್ಟನೆಯ ಮನೆ? ಸೀರಮ್ ಎಲ್ಲಿ, ಎಷ್ಟು ಹೊತ್ತಿನೊಳಗೆ ಬೇರ್ಪಡಿಸುತ್ತೀರಿ? ಇದಕ್ಕೆ ಥಟ್ಟನೆ ಉತ್ತರ ಹೇಳುವ ಲ್ಯಾಬಿಗೆ ನಾನು ಅರ್ಧ ಅಂಕ ಅಲ್ಲೇ ಕೊಟ್ಟುಬಿಡುತ್ತೇನೆ. ಹಾರ್ಮೋನಿಗೆ ಬೇರೆ ಹೊತ್ತು ಬೇಕಿಲ್ಲದಿದ್ದರೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗಿನ ಸಮಯವನ್ನೇ ಹಿಡಿಯಿರಿ.

ಎರಡನೆಯದು, ಕೊರಿಯರ್‌ನಲ್ಲಿ ಬರುವ ಕಿಟ್. ಬೆರಳ ತುದಿಗೆ ನೀವೇ ಚುಚ್ಚಿಕೊಂಡು ಕಾಗದದ ವೃತ್ತದ ಮೇಲೆ ಹನಿ ಬೀಳಿಸಿ, ಒಣಗಿಸಿ, ಅಂಚೆಗೆ ಹಾಕಬೇಕು. ವಿದೇಶಗಳಲ್ಲಿ ಇದು ಚೆನ್ನಾಗಿ ಬೇರೂರಿದೆ. ತಾಂತ್ರಿಕವಾಗಿ ಇದು ಕೆಟ್ಟದ್ದೇನಲ್ಲ, ಆದರೆ ಕೈಗೆ ಅಭ್ಯಾಸ ಬೇಕು. ಹನಿ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ರಕ್ತದ ಜೊತೆ ಮಾಂಸದೊಳಗಿನ ನೀರೂ ಸೇರಿ ಅಂಕಿ ಜಾರುತ್ತದೆ. ಸ್ಪಿರಿಟ್ ಒಣಗುವ ಮುನ್ನ ಚುಚ್ಚಬಾರದು. ಮೊದಲ ಹನಿಯನ್ನು ಒರೆಸಿಬಿಡಬೇಕು. ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಳ್ಳುವವರ ಬೆರಳಿನಲ್ಲಿ ಅದರ ಅಂಶ ಉಳಿದು ಫಲಿತಾಂಶ ಆಕಾಶಕ್ಕೇರಿದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇನ್ನೊಂದು ವಿಷಯ ನಮ್ಮ ಹೆಣ್ಣುಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು. ಒಣಗಿದ ಹನಿಯ ಪರೀಕ್ಷೆಯಲ್ಲಿ ರಕ್ತ ಎಷ್ಟು ದಪ್ಪವಿದೆ ಎಂಬುದರ ಮೇಲೆ ಹನಿ ಕಾಗದದಲ್ಲಿ ಹರಡುವ ರೀತಿ ಬದಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ತೆಳುವಾಗಿದ್ದರೆ ಹನಿಯ ಲೆಕ್ಕವೂ ತಪ್ಪಬಹುದು. ಲ್ಯಾಬಿನವರು ಮನೆ ಬಾಗಿಲಿಗೆ ಬರುವ ಊರಿನಲ್ಲಿ ಇದ್ದುಕೊಂಡು ಬೆರಳ ಕಿಟ್ ತರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಮೂರನೆಯದು ಔಷಧಿ ಅಂಗಡಿಯ ಕಾರ್ಡು ಮತ್ತು ಪಟ್ಟಿಗಳು. ಗೆರೆ ಮೂಡಿದರೆ ಹೌದು, ಮೂಡದಿದ್ದರೆ ಇಲ್ಲ, ಅಷ್ಟೇ. ಗರ್ಭಧಾರಣೆಗೆ ಮೂತ್ರದ ಪಟ್ಟಿ ಅತ್ಯುತ್ತಮ. ಮುಟ್ಟು ತಪ್ಪಿದ ಮೇಲೆ ಮಾಡಿದರೆ ನಂಬಬಹುದು, ಆಶಾ ಕಾರ್ಯಕರ್ತೆಯರ ಬಳಿ ನಿಶ್ಚಯ್ ಕಿಟ್ ಕೂಡ ಸಿಗುತ್ತದೆ. ಅಂಡಾಣು ಬಿಡುಗಡೆಯ ದಿನ ತಿಳಿಯುವ ಎಲ್ಎಚ್ ಪಟ್ಟಿಯೂ ಉಪಯುಕ್ತ, ಆದರೆ ಪಿಸಿಓಡಿ (ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ) ಇದ್ದವರಲ್ಲಿ ಎಲ್ಎಚ್ ಸದಾ ಮೇಲೆಯೇ ಇದ್ದು ಗೆರೆ ಸುಳ್ಳು ಹೇಳುವುದುಂಟು. ಥೈರಾಯ್ಡ್ ಕಾರ್ಡು ಸಾಮಾನ್ಯವಾಗಿ ಟಿಎಸ್ಎಚ್ 5ಕ್ಕಿಂತ ಮೇಲಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಗುಳಿಗೆಯ ಪ್ರಮಾಣ ಹೊಂದಿಸಲು ಈ ಕಾರ್ಡನ್ನು ದಯವಿಟ್ಟು ಬಳಸಬೇಡಿ.

ನಾಲ್ಕನೆಯದು ಹಳೆಯ ದಾರಿ, ನಾವೇ ಹೋಗಿ ಕೊಡುವುದು. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಕಾಲೇಜು, ಹೀಗೆ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಖಾಸಗಿ ಲ್ಯಾಬುಗಳು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್ಎಬಿಎಲ್‌ನ ಮಾನ್ಯತೆ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು. ಆದರೆ ಆ ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ, ಇಡೀ ಕಟ್ಟಡಕ್ಕಲ್ಲ. ನಿಮ್ಮ ಊರಿನ ಸಂಗ್ರಹ ಕೇಂದ್ರದ ಬೋರ್ಡಿನ ಮೇಲೆ ಮುದ್ರೆ ಇದೆ ಎಂದರೆ ನಿಮ್ಮ ಪರೀಕ್ಷೆಗೂ ಮಾನ್ಯತೆ ಇದೆ ಎಂದು ತಿಳಿಯಬೇಕಿಲ್ಲ, ಕೇಳಿ ನೋಡಿ.

ಥೈರಾಯ್ಡ್: ಮನೆಯಿಂದ ಧಾರಾಳವಾಗಿ ಕೊಡಬಹುದು

ಮನೆ ಸಂಗ್ರಹಕ್ಕೆ ಹೇಳಿ ಮಾಡಿಸಿದ ಪರೀಕ್ಷೆ ಇದು. ಉಪವಾಸದ ಕಟ್ಟುಪಾಡಿಲ್ಲ, ಟಿಎಸ್ಎಚ್ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಆದರೂ ಪ್ರತಿ ಸಲ ಒಂದೇ ಹೊತ್ತಿಗೆ ಕೊಡಿ. ಟಿಎಸ್ಎಚ್ ರಾತ್ರಿ ಮತ್ತು ನಸುಕಿನಲ್ಲಿ ಏರಿ ಮಧ್ಯಾಹ್ನ ಇಳಿಯುತ್ತದೆ. ಹೋದ ಸಲ ಬೆಳಿಗ್ಗೆ, ಈ ಸಲ ಸಂಜೆ ಕೊಟ್ಟು ಎರಡು ಅಂಕಿಗಳನ್ನು ಹೋಲಿಸಿದರೆ ಏನೂ ತಿಳಿಯದು.

ಹೆಚ್ಚು ಜನ ಎಡವುವುದು ಅಂಕಿಯ ಅರ್ಥದಲ್ಲಿ. ಟಿಎಸ್ಎಚ್ ಹೆಚ್ಚಿದೆ ಎಂದರೆ ಥೈರಾಯ್ಡ್ ಹೆಚ್ಚಾಗಿದೆ ಎಂದುಕೊಳ್ಳುತ್ತಾರೆ. ಇರುವುದು ತದ್ವಿರುದ್ಧ. ರಂಟೆ ಹೊಡೆಯುವ ಹೊಲವನ್ನು ನೆನಪು ಮಾಡಿಕೊಳ್ಳಿ. ಎತ್ತು ನಿಧಾನವಾದಷ್ಟೂ ಒಕ್ಕಲಿಗನ ಕೂಗು ಜೋರಾಗುತ್ತದೆ. ಟಿಎಸ್ಎಚ್ ಎಂದರೆ ಆ ಕೂಗು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು. ಎಫ್‌ಟಿ4 ಎಂದರೆ ಥೈರಾಯ್ಡ್ ಗ್ರಂಥಿ ರಕ್ತಕ್ಕೆ ಬಿಡುವ ಹಾರ್ಮೋನು, ಅದು ಎತ್ತಿನ ನಡಿಗೆ. ಕೂಗು ಜೋರಾಗಿದ್ದು ನಡಿಗೆ ಕುಂಟಿದರೆ ಥೈರಾಯ್ಡ್ ಸೋತಿದೆ. ಎತ್ತು ತಾನೇ ಓಡುತ್ತಿದ್ದರೆ ಒಕ್ಕಲಿಗ ಸುಮ್ಮನಾಗುತ್ತಾನೆ, ಅಂದರೆ ಟಿಎಸ್ಎಚ್ ತಳ ಕಾಣುತ್ತದೆ, ಎಫ್‌ಟಿ4 ಏರುತ್ತದೆ. ಕೂಗೂ ಇಲ್ಲ, ನಡಿಗೆಯೂ ಇಲ್ಲ ಎಂದಾದರೆ ಒಕ್ಕಲಿಗನಿಗೇ ಏನೋ ಆಗಿದೆ. ಅದು ಪಿಟ್ಯುಟರಿಯ ತೊಂದರೆ ಇರಬಹುದು, ಬರೀ ಟಿಎಸ್ಎಚ್ ನೋಡಿದವರ ಕಣ್ಣಿಗೆ ತಪ್ಪಿಹೋಗುತ್ತದೆ.

ಕೂಗು ಸ್ವಲ್ಪ ಜೋರಾಗಿದ್ದು ನಡಿಗೆ ಸರಿಯಾಗಿಯೇ ಇರುವ ಸ್ಥಿತಿ ಒಂದಿದೆ. ಟಿಎಸ್ಎಚ್ 5ರಿಂದ 10ರ ನಡುವೆ, ಎಫ್‌ಟಿ4 ಸಹಜ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಈ ವರದಿಯೇ ಹೆಚ್ಚು ಜನರನ್ನು ಹೆದರಿಸುತ್ತದೆ. ರಬಕವಿಯ ನೇಕಾರ ಮನೆತನದ ಸೊಸೆಯೊಬ್ಬಳು ಇಂತಹ ಕಾಗದ ಹಿಡಿದು ನನ್ನ ಬಳಿ ಬಂದಿದ್ದಳು. ಟಿಎಸ್ಎಚ್ 6.8. ಥೈರಾಯ್ಡಿಗೆ ಆಗದು ಎಂದು ಮನೆಯಲ್ಲಿ ಆಗಲೇ ಎಲೆಕೋಸು ತಿನ್ನುವುದನ್ನು ಬಿಡಿಸಿದ್ದರು, ಜೀವನವಿಡೀ ಗುಳಿಗೆ ಎಂದು ಅತ್ತೆ ಕಣ್ಣೀರು ಹಾಕಿದ್ದರು. ಮಾತಾಡುತ್ತ ಹೋದಾಗ ತಿಳಿಯಿತು, ರಕ್ತ ಕೊಡುವ ಹಿಂದಿನ ವಾರ ಅವಳು ಜ್ವರದಿಂದ ಮಲಗಿದ್ದಳು. ದೊಡ್ಡ ಜ್ವರದಿಂದ ಚೇತರಿಸಿಕೊಳ್ಳುವಾಗ ಟಿಎಸ್ಎಚ್ ತಾತ್ಕಾಲಿಕವಾಗಿ ಏರುವುದುಂಟು. ವೈದ್ಯರು ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿದರು, ಜೊತೆಗೆ ದೇಹವೇ ಥೈರಾಯ್ಡ್ ವಿರುದ್ಧ ಹುಟ್ಟಿಸುವ ಟಿಪಿಓ ಪ್ರತಿಕಾಯವನ್ನೂ ನೋಡಿಸಿದರು. ಪ್ರತಿಕಾಯ ಇರಲಿಲ್ಲ, ಟಿಎಸ್ಎಚ್ 3.4ಕ್ಕೆ ಇಳಿದಿತ್ತು. ಗುಳಿಗೆ ಬೇಕಾಗಲಿಲ್ಲ. 10 ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಶುರುವಾಗುತ್ತದೆ. ಅದರ ಕೆಳಗೆ ವಯಸ್ಸು, ಲಕ್ಷಣ, ಪ್ರತಿಕಾಯ ಎಲ್ಲವನ್ನೂ ತೂಗಿ ನೋಡುತ್ತಾರೆ. 70 ದಾಟಿದವರಲ್ಲಿ ಟಿಎಸ್ಎಚ್ ಸ್ವಲ್ಪ ಹೆಚ್ಚಿರುವುದು ವಯೋಸಹಜ.

ಗರ್ಭಿಣಿಯರ ಮಾತು ಬೇರೆ. ವರದಿಯ ಅಂಚಿನಲ್ಲಿ ಅಚ್ಚಾಗಿರುವ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಟಿಎಸ್ಎಚ್ ತಾನಾಗಿಯೇ ಇಳಿಯುತ್ತದೆ, ಮೊದಲೇ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದವರಿಗೆ ಪ್ರಮಾಣ ಹೆಚ್ಚು ಬೇಕಾಗುತ್ತದೆ. ಬಸಿರು ಎಂದು ತಿಳಿದ ವಾರವೇ ವೈದ್ಯರನ್ನು ಕಾಣಬೇಕು.

ಗುಳಿಗೆ ನುಂಗುವವರು ರಕ್ತ ಕೊಟ್ಟ ಮೇಲೆ ನುಂಗಲಿ. ಮೊದಲೇ ನುಂಗಿದರೆ ಕೆಲವು ಗಂಟೆ ಎಫ್‌ಟಿ4 ಮೇಲೆ ಕಾಣುತ್ತದೆ. ಪ್ರಮಾಣ ಬದಲಾಯಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಮತ್ತೆ ಪರೀಕ್ಷಿಸಿದರೆ ದುಡ್ಡು ದಂಡ, ಟಿಎಸ್ಎಚ್ ಸಾವಕಾಶವಾಗಿ ಹೊಂದಿಕೊಳ್ಳುವ ಹಾರ್ಮೋನು.

ಕೂದಲು ಉದುರುವುದಕ್ಕೆ ತೆಗೆದುಕೊಳ್ಳುವ ಬಯೋಟಿನ್ ಗುಳಿಗೆಯ ಬಗ್ಗೆ ಕೇಳಿದ್ದೀರಾ? ಎಷ್ಟೋ ಲ್ಯಾಬ್ ಯಂತ್ರಗಳು ಒಳಗೆ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಅಂಟು ಕೆಡುತ್ತದೆ, ಟಿಎಸ್ಎಚ್ ಸುಳ್ಳಾಗಿ ಇಳಿದು ಎಫ್‌ಟಿ4 ಸುಳ್ಳಾಗಿ ಏರುತ್ತದೆ. ಆರೋಗ್ಯವಾಗಿರುವವರ ಕಾಗದದ ಮೇಲೆ ಥೈರಾಯ್ಡ್ ಅತಿಯಾದ ರೋಗ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಹೆಚ್ಚು ಪ್ರಮಾಣ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ. ರಕ್ತ ತೆಗೆಯುವವರಿಗೂ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದು ಅಪರೂಪ.

ಹೆಣ್ಣುಮಕ್ಕಳ ಹಾರ್ಮೋನು: ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಇಲ್ಲಿ ಮನೆಯೋ ಲ್ಯಾಬೋ ಎಂಬುದಕ್ಕಿಂತ ಮುಟ್ಟಿನ ಎಷ್ಟನೆಯ ದಿನ ಎಂಬುದೇ ಮುಖ್ಯ. ಅಂಡಾಶಯವನ್ನು ನಡೆಸುವ ಎಫ್ಎಸ್ಎಚ್ ಮತ್ತು ಎಲ್ಎಚ್, ಅಂಡಾಶಯವೇ ಬಿಡುವ ಈಸ್ಟ್ರಡಯಾಲ್ ಮುಟ್ಟಾದ 2ರಿಂದ 5ನೇ ದಿನದೊಳಗೆ. ಅಂಡಾಣು ಬಿಡುಗಡೆಯಾಯಿತೇ ಎಂದು ನೋಡುವ ಪ್ರೊಜೆಸ್ಟಿರಾನ್ ಮುಂದಿನ ಮುಟ್ಟಿಗೆ ಒಂದು ವಾರ ಮೊದಲು. 28 ದಿನದ ಚಕ್ರಕ್ಕೆ ಅದು 21ನೇ ದಿನ, 35 ದಿನದವರಿಗೆ 28ನೇ ದಿನ. ಎಲ್ಲರಿಗೂ 21 ಎಂದು ಬರೆದುಬಿಡುವುದರಿಂದ ಎಷ್ಟೋ ಹುಡುಗಿಯರಿಗೆ ಇಲ್ಲದ ದೋಷ ಅಂಟಿದೆ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವಾಗ ಇವುಗಳಲ್ಲಿ ಯಾವುದಕ್ಕೂ ಅರ್ಥವಿಲ್ಲ.

ಪಿಸಿಓಡಿ ಪ್ಯಾಕೇಜ್ ಎಂದು ಹತ್ತು ಪರೀಕ್ಷೆ ಕಟ್ಟಿ ಮಾರುತ್ತಾರೆ. ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಪಿಸಿಓಡಿ ಎನ್ನುವುದು ವೈದ್ಯರ ಅಳತೆಗೋಲು: ಮುಟ್ಟಿನ ಏರುಪೇರು; ಮುಖದ ಕೂದಲಿನಂತಹ ಗುರುತು ಅಥವಾ ರಕ್ತದಲ್ಲಿ ಗಂಡು ಹಾರ್ಮೋನಿನ ಹೆಚ್ಚಳ; ಸ್ಕ್ಯಾನ್‌ನಲ್ಲಿ ಅಂಡಾಶಯದ ಸ್ವರೂಪ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕರಲ್ಲಿ ಸ್ಕ್ಯಾನ್ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆ ನೋಡಬಹುದು ಎಂದಿದೆ. ಎಲ್ಎಚ್ ಮತ್ತು ಎಫ್ಎಸ್ಎಚ್ ಅನುಪಾತ ಈ ಪಟ್ಟಿಯಲ್ಲಿಯೇ ಇಲ್ಲ. ಮೊದಲು ಟಿಎಸ್ಎಚ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮಾಡಿಸಿ ವೈದ್ಯರನ್ನು ಕಂಡರೆ ಉಳಿದವುಗಳಲ್ಲಿ ಯಾವುದು ಬೇಕು ಎಂದು ಅವರೇ ಹೇಳುತ್ತಾರೆ.

ಎಎಂಎಚ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಉಳಿದ ಅಂಡಾಣುಗಳ ಸಂಖ್ಯೆಯ ಅಂದಾಜು ಮಾತ್ರ, ಗುಣದ ಅಳತೆಯಲ್ಲ. ಸಹಜವಾಗಿ ಮಗುವಾಗುತ್ತದೆಯೋ ಇಲ್ಲವೋ ಎಂದು ಭವಿಷ್ಯ ಹೇಳಲು ಇದಕ್ಕೆ ಬರುವುದಿಲ್ಲ. ಮದುವೆ ಗೊತ್ತಾದ ಹುಡುಗಿಗೆ ಈ ಪರೀಕ್ಷೆ ಮಾಡಿಸಲು ಹೇಳಿದ ಒಂದು ಮನೆಯನ್ನು ನಾನು ಬಲ್ಲೆ. ಅದು ಅನ್ಯಾಯ, ವಿಜ್ಞಾನವೂ ಅಲ್ಲ.

ಪ್ರೊಲ್ಯಾಕ್ಟಿನ್ ಬಲು ನಾಜೂಕು. ಸೂಜಿಯ ಭಯಕ್ಕೇ ಏರುತ್ತದೆ, ನಿದ್ದೆಯಿಂದ ಎದ್ದ ತಕ್ಷಣವೂ ಮೇಲೆ ಇರುತ್ತದೆ. ಎದ್ದು ಎರಡು ಮೂರು ಗಂಟೆಯಾದ ಮೇಲೆ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಕೊಡಿ. ಈ ಒಂದು ಹಾರ್ಮೋನಿಗೆ ಲ್ಯಾಬಿನ ಗದ್ದಲಕ್ಕಿಂತ ಮನೆಯ ಪಡಸಾಲೆಯೇ ಒಳ್ಳೆಯದು. ಅಸಿಡಿಟಿಗೆಂದು ಅಂಗಡಿಯಲ್ಲಿ ಕೊಳ್ಳುವ ಗುಳಿಗೆಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಬೆರೆತಿರುವುದು ಸಾಮಾನ್ಯ. ಇವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ತಲೆಯ ಎಂಆರ್‌ಐವರೆಗೆ ಹೋಗುವ ಮುನ್ನ ಮನೆಯ ಗುಳಿಗೆ ಡಬ್ಬಿಯನ್ನು ವೈದ್ಯರ ಮುಂದೆ ತೆರೆದಿಡಿ.

45 ದಾಟಿದ ಮೇಲೆ ಮುಟ್ಟು ಹಿಂದುಮುಂದಾಗಿ ಮೈಯಲ್ಲಿ ಬಿಸಿ ಏರುತ್ತಿದ್ದರೆ ಎಫ್ಎಸ್ಎಚ್ ಬೇಡ. ಆ ವರ್ಷಗಳಲ್ಲಿ ಅದು ಇವತ್ತು ಮೇಲೆ, ಮುಂದಿನ ತಿಂಗಳು ಕೆಳಗೆ. 40ರೊಳಗೆ ಕೆಲವು ತಿಂಗಳು ಮುಟ್ಟು ನಿಂತರೆ ಮಾತ್ರ ಪರೀಕ್ಷೆಯೂ ಬೇಕು, ವೈದ್ಯರೂ ಬೇಕು.

ಗಂಡಸರ ಟೆಸ್ಟೋಸ್ಟಿರಾನ್

ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ. ನಾಷ್ಟಾ ಆದ ಮೇಲೆ ಇಳಿಯುತ್ತದೆ, ಸಂಜೆಗೆ ಇನ್ನೂ ಇಳಿಯುತ್ತದೆ. ಮೊದಲ ಸಲ ಕಡಿಮೆ ಬಂದರೆ ಬೇರೊಂದು ಬೆಳಿಗ್ಗೆ ಮತ್ತೆ ನೋಡದೆ ಯಾರೂ ತೀರ್ಮಾನಕ್ಕೆ ಬರಬಾರದು. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಕಾಲದಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದು ರಕ್ತ ಕೊಡುವವರಿದ್ದಾರೆ. ಈ ಹಾರ್ಮೋನು ಏರುವುದೇ ನಿದ್ದೆಯಲ್ಲಿ. ಕೆಲವು ದಿನ ಸರಿಯಾಗಿ ಮಲಗಿ ಎದ್ದ ಮೇಲೆ ಕೊಡಿ.

ವಯಸ್ಕರಿಗೆ ಕೆಳಮಿತಿ ಎಂದು ಬಳಕೆಯಲ್ಲಿರುವುದು ಡೆಸಿಲೀಟರಿಗೆ 264 ಅಥವಾ 300 ನ್ಯಾನೋಗ್ರಾಮ್. ಒಂದು ಲ್ಯಾಬ್ 300 ಎಂದು ಬರೆದದ್ದನ್ನು ಇನ್ನೊಂದು ಮಿಲಿಲೀಟರಿಗೆ 3 ಎಂದೂ ಮತ್ತೊಂದು ಲೀಟರಿಗೆ 10.4 ನ್ಯಾನೋಮೋಲ್ ಎಂದೂ ಬರೆಯುತ್ತದೆ. ಮೂರೂ ಒಂದೇ. ಅಂಕಿಯ ಪಕ್ಕದ ಸಣ್ಣ ಅಕ್ಷರ ಓದದೆ ನೂರು ಪಟ್ಟು ಕುಸಿದಿದೆ ಎಂದು ಬೆವರಿದವರನ್ನು ಸಮಾಧಾನ ಮಾಡಿ ಕಳಿಸಿದ್ದೇನೆ. ಮೈತೂಕ ಹೆಚ್ಚಿದ್ದವರಲ್ಲಿ ಒಟ್ಟು ಟೆಸ್ಟೋಸ್ಟಿರಾನ್ ಕಡಿಮೆ ಕಂಡು, ದೇಹ ನಿಜವಾಗಿ ಬಳಸುವ ಭಾಗ ಸರಿಯಾಗಿಯೇ ಇರುವುದುಂಟು. ಜಿಮ್‌ನವರ ಮಾತು ಕೇಳಿ ಚುಚ್ಚುಮದ್ದು ತೆಗೆದುಕೊಂಡರೆ ವೀರ್ಯಾಣು ಉತ್ಪತ್ತಿ ನಿಲ್ಲುತ್ತದೆ. ಮಗು ಬೇಕೆನ್ನುವವರು ಇದನ್ನು ಮೊದಲು ತಿಳಿದಿರಬೇಕು.

ಮನೆಯಿಂದ ಕೊಡಬಾರದವು

ಎಸಿಟಿಎಚ್‌ಗೆ (ಕಾರ್ಟಿಸಾಲ್ ಹೊರಡಿಸಲು ಪಿಟ್ಯುಟರಿ ಬಿಡುವ ಹಾರ್ಮೋನು) ನೇರಳೆ ಮುಚ್ಚಳದ ಟ್ಯೂಬು, ಐಸು, ಕೂಡಲೇ ತಿರುಗಿಸುವ ಯಂತ್ರ ಮೂರೂ ಬೇಕು. ಅದಕ್ಕೆ ಲ್ಯಾಬಿಗೇ ಹೋಗಿ. ಇನ್ಸುಲಿನ್ ಕೂಡ ಹಾಗೆಯೇ, ಮೇಲಾಗಿ ಸಕ್ಕರೆ ಕಾಯಿಲೆ ಪತ್ತೆಗೆ ಅದರ ಅಗತ್ಯವಿಲ್ಲ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸಾಕು. ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸಾಲ್ ಬೆಳಿಗ್ಗೆ ಎಂಟರ ಹೊತ್ತಿಗೆ ತೆಗೆದರೆ ಮಾತ್ರ ಅರ್ಥ. ಪ್ಯಾಕೇಜಿನಲ್ಲಿ ಸೇರಿಸಿ ಹನ್ನೊಂದಕ್ಕೆ ತೆಗೆದ ಕಾರ್ಟಿಸಾಲ್‌ನಿಂದ ಒತ್ತಡ ಅಳೆಯುತ್ತೇವೆ ಎನ್ನುವುದನ್ನು ನಂಬಬೇಡಿ. ಮಂಡಿನೋವಿಗೆ ಹೆಸರಿಲ್ಲದ ಪುಡಿಯನ್ನು ತಿಂಗಳುಗಟ್ಟಲೆ ತಿಂದವರ ಕಾರ್ಟಿಸಾಲ್ ನೆಲ ಕಚ್ಚಿದ್ದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ದೊಡ್ಡದು. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ವೈದ್ಯರ ಕೈಹಿಡಿದೇ ಇಳಿಸಬೇಕು.

ದಪ್ಪ ಅಕ್ಷರದಲ್ಲಿ ಬಂದದ್ದೆಲ್ಲ ರೋಗವಲ್ಲ

ವರದಿಯ ಮಿತಿಗಳನ್ನು ಆರೋಗ್ಯವಂತರ ನಡುವಿನ ಶೇ. 95 ಮಂದಿಯನ್ನು ಹಿಡಿದು ಹಾಕಿರುತ್ತಾರೆ. ಅಂದರೆ ಇಪ್ಪತ್ತು ಆರೋಗ್ಯವಂತರಲ್ಲಿ ಒಬ್ಬರು ಹೊರಗೆ ಬೀಳುವುದು ಲೆಕ್ಕದಲ್ಲೇ ಇದೆ. ಒಬ್ಬರಿಗೇ ಇಪ್ಪತ್ತು ಬೇರೆ ಬೇರೆ ಪರೀಕ್ಷೆ ಮಾಡಿದರೆ ಒಂದಾದರೂ ಮಿತಿ ದಾಟಿ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಸಾಧ್ಯತೆ ಶೇ. 64ರ ಹತ್ತಿರ. ಅರವತ್ತು ಎಪ್ಪತ್ತು ಪರೀಕ್ಷೆಗಳ ಪ್ಯಾಕೇಜು ಅಗ್ಗವೆನಿಸಿದರೂ ಆಮೇಲಿನ ಅಲೆದಾಟದ ಖರ್ಚು ಅದರ ಮೇಲೆ ಬರೆದಿರುವುದಿಲ್ಲ. ಒಂದು ಲ್ಯಾಬಿಗೆ ಅಂಟಿಕೊಂಡಿರಿ. ಯಂತ್ರ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ, ನಿಮ್ಮ ಆರೋಗ್ಯ ಬದಲಾಗಿರುವುದಿಲ್ಲ.

ಎದೆಬಡಿತ ಹಿಡಿತ ತಪ್ಪಿ ತೂಕ ಇಳಿಯುತ್ತಿದ್ದರೆ, ತಲೆನೋವಿನ ಜೊತೆ ದೃಷ್ಟಿ ಮಂಜಾಗಿ ಎದೆಯಿಂದ ಹಾಲು ಒಸರುತ್ತಿದ್ದರೆ, ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ವಾಂತಿ ತಲೆಸುತ್ತು ಶುರುವಾಗಿದ್ದರೆ ಯಾವ ಮನೆ ಪರೀಕ್ಷೆಗೂ ಕಾಯದೆ ದವಾಖಾನೆಗೆ ಹೊರಡಿ.

ಹಸುಗೂಸಿನ ಥೈರಾಯ್ಡ್ ಪರೀಕ್ಷೆಯನ್ನೂ ಮನೆಗೆ ಬಂದ ಮೇಲೆ ನೋಡಿಕೊಳ್ಳೋಣ ಎಂದು ಬಿಡಬಾರದು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಗು ನೋಡಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಹಾಲು ಕುಡಿದು ಮಲಗುತ್ತದೆ. ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ ಶುರುವಾದರೆ ಮೆದುಳು ಸಹಜವಾಗಿ ಬೆಳೆಯುತ್ತದೆ, ತಡವಾದರೆ ಆದ ನಷ್ಟ ಮರಳಿ ಬರುವುದಿಲ್ಲ. ಹುಟ್ಟಿದ ದಿನ ಟಿಎಸ್ಎಚ್ ತಾನಾಗಿಯೇ ಮೇಲೆ ಇರುವುದರಿಂದ ಹಿಮ್ಮಡಿಯಿಂದ ಹನಿ ತೆಗೆಯುವುದು 48ರಿಂದ 72 ಗಂಟೆಯ ನಡುವೆ. ಹೆರಿಗೆಯಾದ ದವಾಖಾನೆ ಬಿಡುವ ಮುನ್ನ ಮಗುವಿನ ಚೀಟಿಯಲ್ಲಿ ಟಿಎಸ್ಎಚ್ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಕೇಳಿ, ಮಾಡಿಸಿಕೊಂಡೇ ಮನೆಗೆ ಬನ್ನಿ.